ಬಾಯಿಯ ಆರೋಗ್ಯದ ಅಳತೆಗೋಲು: ಪಾರಸಿ ರೂಪಾಂತರವೂ ಕನ್ನಡದ ಸಮಸ್ಯೆಯೂ

ಭಾಷಾಂತರವೆಂದೊಡನೆ ನಮ್ಮ ವಿಮರ್ಶಕರ ದೃಷ್ಟಿ ಕಾವ್ಯದ ಕಡೆಗೋ ನಾಟಕದ ಕಡೆಗೋ ಹರಿಯುವುದು ವಾಡಿಕೆ. ಶಾಸ್ತ್ರಗ್ರಂಥಗಳ ಭಾಷಾಂತರವನ್ನು ಕುರಿತು ಪರಿಭಾಷೆಯ ದೃಷ್ಟಿಯಿಂದ ಅಷ್ಟಿಷ್ಟು ಚರ್ಚೆ ನಡೆದಿದೆ. ಆದರೆ ಇವೆರಡಕ್ಕೂ ಸೇರದ, ಒಂದೆರಡು ಪುಟಗಳನ್ನು ಮೀರದ, ಕರ್ತೃ ಯಾರೆಂದು ಓದುವವರು ವಿಚಾರಿಸದ ಒಂದು ಬಗೆಯ ಬರಹ ಇಂದು ಭಾಷೆಯಿಂದ ಭಾಷೆಗೆ ಎಡೆಬಿಡದೆ ಸಾಗುತ್ತಿದೆ. ಅದು ವೈದ್ಯರ ಪ್ರಶ್ನಾವಳಿ. ರೋಗಿಯನ್ನು ಏನೆಂದು ಕೇಳಬೇಕು, ಅವನ ದೇಹದಲ್ಲಿ ಏನನ್ನು ನೋಡಬೇಕು, ನೋಡಿದುದಕ್ಕೆ ಎಷ್ಟು ಅಂಕ ಕೊಡಬೇಕು ಎಂಬುದನ್ನು ಅದು ವಿಧಿಸುತ್ತದೆ. ಕಾವ್ಯದಲ್ಲಿ ಒಂದು ಪದ ತಪ್ಪಿದರೆ ರಸಭಂಗವಾದೀತು. ಇಲ್ಲಿ ಒಂದು ಪದ ತಪ್ಪಿದರೆ ನೋವಿನಿಂದ ನರಳುವ ಮುದುಕಿಯೊಬ್ಬಳ ಹೆಸರಿನ ಮುಂದೆ ಸೊನ್ನೆ ಬೀಳುತ್ತದೆ. ಚಿಕಿತ್ಸೆ ಬೇಕಾದವರ ಪಟ್ಟಿಯಿಂದ ಆಕೆ ಹೊರಗುಳಿಯುತ್ತಾಳೆ. ಹೀಗಿರುವಲ್ಲಿ ಈ ಬರಹವನ್ನು ವೈದ್ಯರಿಗೂ ಸಂಖ್ಯಾಶಾಸ್ತ್ರಜ್ಞರಿಗೂ ಬಿಟ್ಟುಕೊಟ್ಟು ಭಾಷಾವಿದರು ಸುಮ್ಮನಿರುವುದು ಉಚಿತವಲ್ಲ.

ಇಲ್ಲಿ ಎತ್ತಿಕೊಂಡಿರುವುದು ವೃದ್ಧರ ಬಾಯಿಯ ಆರೋಗ್ಯವನ್ನು ಅಳೆಯುವ ಇಂಗ್ಲಿಷ್ ಸಾಧನಗಳನ್ನೂ ಅವು ಪಾರಸಿಗೆ ಬರುವಾಗ ಎದುರಾಗುವ ತೊಡಕುಗಳನ್ನೂ. ಕನ್ನಡ ಪತ್ರಿಕೆಯಲ್ಲಿ ಪಾರಸಿಯ ಮಾತೇಕೆ ಎಂದು ಕೇಳುವವರು ಇರಬಹುದು. ಬಿಜಾಪುರದ ಆದಿಲಶಾಹಿಯಿಂದ ಹಿಡಿದು ಶ್ರೀರಂಗಪಟ್ಟಣದ ಟಿಪ್ಪುವಿನವರೆಗೆ ಆ ಭಾಷೆ ನಮ್ಮ ನಾಡಿನ ಆಡಳಿತದಲ್ಲಿ ಓಡಾಡಿದೆ. ಕಾಗದ, ದಫ್ತರ, ಜಮೀನು, ಸರ್ಕಾರ ಮೊದಲಾದುವು ಆ ದಾರಿಯಿಂದ ಬಂದು ನಮ್ಮವೇ ಆಗಿಹೋಗಿವೆ. ಧಾರವಾಡ, ಕಲಬುರಗಿಗಳ ಹಳೆಯ ತಲೆಮಾರಿನವರಿಗೆ ಆಸ್ಪತ್ರೆ ಇಂದಿಗೂ ದವಾಖಾನೆಯೇ. ಷೀರಾಜಿನಿಂದ ಬೆಂಗಳೂರಿಗೆ ಬಂದು ಕುದುರೆಯ ವ್ಯಾಪಾರ ನಡೆಸಿದ ಆಗಾ ಅಲಿ ಅಸ್ಕರರ ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್‌ರವರು ೧೯೨೬ರಿಂದ ೧೯೪೧ರವರೆಗೆ ಮೈಸೂರಿನ ದಿವಾನರಾಗಿದ್ದುದನ್ನು ಬಲ್ಲವರಿಗೆ ಈ ನಂಟು ಹೊಸದೆನಿಸದು. ಇದಕ್ಕಿಂತ ಮುಖ್ಯವಾದ ಕಾರಣ ಬೇರೊಂದಿದೆ. ಇಂಗ್ಲಿಷಿನ ಸಾಧನವನ್ನು ಕೈಯಲ್ಲಿ ಹಿಡಿದು ತನ್ನ ನಾಡಿನ ಮುದುಕರ ಮುಂದೆ ಕುಳಿತ ಪಾರಸಿ ಭಾಷಾಂತರಕಾರನ ಇಕ್ಕಟ್ಟು ಕನ್ನಡಿಗನ ಇಕ್ಕಟ್ಟೂ ಹೌದು. ನಮ್ಮ ತೊಡಕನ್ನು ಪರರ ಕನ್ನಡಿಯಲ್ಲಿ ನೋಡುವುದು ಕೆಲವೊಮ್ಮೆ ಸುಲಭ.

ಈ ಸಾಧನಗಳಲ್ಲಿ ಎರಡು ಬಗೆಗಳುಂಟು. ಮೊದಲನೆಯ ಬಗೆಯಲ್ಲಿ ವೃದ್ಧರನ್ನೇ ಪ್ರಶ್ನಿಸುತ್ತಾರೆ. ಅಮೆರಿಕದ ಆಚಿಸನ್ ಮತ್ತು ಡೋಲನ್ ಎಂಬ ವಿದುಷಿಯರು ೧೯೯೦ರಲ್ಲಿ ಪ್ರಕಟಿಸಿದ ಹನ್ನೆರಡು ಪ್ರಶ್ನೆಗಳ ಸೂಚಿ ಇಂಥದು. ಆಸ್ಟ್ರೇಲಿಯದಲ್ಲಿ ಸ್ಲೇಡ್ ಮತ್ತು ಸ್ಪೆನ್ಸರ್ ೧೯೯೪ರಲ್ಲಿ ಪ್ರಕಟಿಸಿದ ನಲವತ್ತೊಂಬತ್ತು ಪ್ರಶ್ನೆಗಳ ಪಟ್ಟಿ ಇನ್ನೊಂದು. ಅದನ್ನೇ ಸ್ಲೇಡ್ ೧೯೯೭ರಲ್ಲಿ ಹದಿನಾಲ್ಕು ಪ್ರಶ್ನೆಗಳಿಗೆ ಇಳಿಸಿದರು. ಈ ಸಂಕ್ಷೇಪಕ್ಕೆ ೨೦೧೦ನೆಯ ಒಂದೇ ವರ್ಷದಲ್ಲಿ ಎರಡು ಪಾರಸಿ ರೂಪಗಳು ಪ್ರಕಟವಾದುವು. ನವಾಬಿ ಮೊದಲಾದವರದು ಒಂದು, ರವಾಘಿ ಮೊದಲಾದವರದು ಇನ್ನೊಂದು. ಒಂದು ಮೂಲಕ್ಕೆ ಎರಡು ಭಾಷಾಂತರಗಳು ಏಕಕಾಲದಲ್ಲಿ ಹುಟ್ಟಿದುದು ವ್ಯರ್ಥಶ್ರಮವೆಂದು ಕೆಲವರಿಗೆ ತೋರಬಹುದು. ವಿಮರ್ಶಕನಿಗಾದರೋ ಅದು ಸಹಜವಾದ ವಿಷಯ. ಒಂದೇ ವಾಕ್ಯವನ್ನು ಇಬ್ಬರು ಬಲ್ಲವರು ಒಂದೇ ರೀತಿ ಅನುವಾದಿಸುವುದಿಲ್ಲವೆಂಬುದು ನಮಗೆ ಕಾಳಿದಾಸನ ಕನ್ನಡ ಭಾಷಾಂತರಗಳಿಂದಲೇ ತಿಳಿದಿದೆ.

ಎರಡನೆಯ ಬಗೆಯಲ್ಲಿ ಕೇಳುವುದಕ್ಕಿಂತ ನೋಡುವುದು ಹೆಚ್ಚು. ಮರೆವಿನ ರೋಗದಿಂದ ಮಾತು ಕುಂದಿದ ವೃದ್ಧರನ್ನು ಪ್ರಶ್ನಿಸಿ ಫಲವಿಲ್ಲ. ಅವರ ಶುಶ್ರೂಷೆ ಮಾಡುವವರು ಬಾಯಿಯೊಳಗೆ ನೋಡಿ ಗುರುತು ಹಾಕಬೇಕು. ಅಮೆರಿಕದ ಕೇಸರ್ ಜೋನ್ಸ್ ಮೊದಲಾದವರು ೧೯೯೫ರಲ್ಲಿ ರೂಪಿಸಿದ ಪಟ್ಟಿಯೊಂದನ್ನು ಚಾಲ್ಮರ್ಸ್ ಮತ್ತು ಸಂಗಡಿಗರು ಆಸ್ಟ್ರೇಲಿಯದ ವೃದ್ಧಾಶ್ರಮಗಳಿಗಾಗಿ ಮಾರ್ಪಡಿಸಿ ೨೦೦೫ರಲ್ಲಿ ಪ್ರಕಟಿಸಿದರು. ತುಟಿ, ನಾಲಗೆ, ಒಸಡು, ಜೊಲ್ಲು, ಸ್ವಂತ ಹಲ್ಲು, ಕಟ್ಟಿಸಿದ ಹಲ್ಲು, ಶುಚಿತ್ವ, ನೋವು ಎಂಬ ಎಂಟು ಅಂಗಗಳು, ಒಂದೊಂದಕ್ಕೂ ಸೊನ್ನೆ, ಒಂದು, ಎರಡು ಎಂಬ ಅಂಕಗಳು, ಒಟ್ಟು ಹದಿನಾರು. ಸೊನ್ನೆ ಎಂದರೆ ಆರೋಗ್ಯ. ದಂತವೈದ್ಯನಲ್ಲದ ದಾದಿಯೂ ಕೆಲವು ನಿಮಿಷಗಳಲ್ಲಿ ಮುಗಿಸಬಲ್ಲ ಈ ಪಟ್ಟಿಯ ಸರಳತೆ ನಿಜಕ್ಕೂ ಶ್ಲಾಘ್ಯವಾದುದು. ಅದನ್ನು ಹೊಗಳುವವರು ಬಹಳ ಮಂದಿ ಇರುವುದರಿಂದ ಇಲ್ಲಿ ಅದರ ಮಾತನ್ನು ಮಾತ್ರ ನೋಡೋಣ.

ಆರೋಗ್ಯವಂತವಾದ ತುಟಿ ಹೇಗಿರಬೇಕು? ನುಣುಪಾಗಿ, ತೇವವಾಗಿ, ‘ಪಿಂಕ್’ ಬಣ್ಣದ್ದಾಗಿ ಇರಬೇಕೆಂದು ಮೂಲ ಹೇಳುತ್ತದೆ. ಒಸಡಿಗೂ ಇದೇ ವರ್ಣ, ನಾಲಗೆಗೂ ಇದೇ ವರ್ಣ. ಈ ಒಂದು ಚಿಕ್ಕ ಪದದ ಬೆನ್ನು ಹತ್ತಿ ಹೋದರೆ ರೂಪಾಂತರದ ಇಡೀ ಸಮಸ್ಯೆ ಎದುರಿಗೆ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಇದಕ್ಕೆ ನಾವು ‘ಗುಲಾಬಿ’ ಎನ್ನುತ್ತೇವೆ. ಆ ಪದ ನಮಗೆ ಬಂದುದು ಪಾರಸಿಯ ಮೂಲದಿಂದ. ‘ಗುಲ್’ ಎಂದರೆ ಹೂ, ‘ಆಬ್’ ಎಂದರೆ ನೀರು, ಎರಡೂ ಸೇರಿ ಪನ್ನೀರು. ಆದರೆ ವಿನೋದವೆಂದರೆ, ಇಂದಿನ ಇರಾನಿನಲ್ಲಿ ‘ಗೊಲಾಬೀ’ ಎಂದರೆ ಬೇರಿಕಾಯಿ! ಬಣ್ಣಕ್ಕೆ ಅಲ್ಲಿ ಬಳಕೆಯಲ್ಲಿರುವ ಮಾತು ‘ಸೂರತೀ’. ಸೂರತ್ ಎಂದರೆ ಮುಖ. ಎಂದ ಮೇಲೆ ‘ಸೂರತೀ’ ಎಂದರೆ ಮುಖದ ಬಣ್ಣ. ಯಾರ ಮುಖದ ಬಣ್ಣ? ಕೆಂಪು ಕೆನ್ನೆಯ ಮುಖವೊಂದನ್ನು ಮಾದರಿಯಾಗಿ ಇಟ್ಟುಕೊಂಡು ಹುಟ್ಟಿದ ಪದವೇ ಇದು. ಇರಾನಿನ ದಕ್ಷಿಣ ಕರಾವಳಿಯ ಕಪ್ಪು ಮೈಬಣ್ಣದ ಮುದುಕನ ಮುಖಕ್ಕೆ ಅದು ಒಪ್ಪದು. ಅವನ ಒಸಡಿಗೂ ಒಪ್ಪದು.

ಕನ್ನಡನಾಡಿನಲ್ಲಿ ಈ ತೊಡಕು ಇನ್ನೂ ದೊಡ್ಡದು. ಮೈಬಣ್ಣ ಕಪ್ಪಾಗಿರುವವರ ಒಸಡಿನಲ್ಲಿ ಕಂದುಬಣ್ಣ ಹರಡಿರುವುದು ಪ್ರಕೃತಿಸಹಜವೇ ಹೊರತು ರೋಗವಲ್ಲವೆಂದು ದಂತವೈದ್ಯರೆಲ್ಲರೂ ಬಲ್ಲರು. ಆದರೆ ಈ ಪಟ್ಟಿಯನ್ನು ರಚಿಸಿದುದು ದಂತವೈದ್ಯರಿಗಲ್ಲವಷ್ಟೆ. ಒಂದೆರಡು ಗಂಟೆಗಳ ಶಿಕ್ಷಣ ಪಡೆದ ದಾದಿ ‘ಗುಲಾಬಿ ಬಣ್ಣ’ ಎಂಬ ಅಪ್ಪಣೆಯನ್ನು ಹಾಗೆಯೇ ಪಾಲಿಸಿದರೆ ನಮ್ಮ ಹಳ್ಳಿಗಳ ಮುಕ್ಕಾಲು ಪಾಲು ಮುದುಕರು ರೋಗಿಗಳಾಗುತ್ತಾರೆ. ಅವಳು ಬುದ್ಧಿವಂತಳಾಗಿದ್ದು ಬಣ್ಣವನ್ನೇ ಕಡೆಗಣಿಸಲು ಕಲಿತುಬಿಟ್ಟರೆ ಊದಿ ಕೆಂಪಾದ ಒಸಡೂ ಅವಳ ಕಣ್ಣಿಗೆ ಬೀಳದೆ ಹೋಗಬಹುದು. ಇದರ ಮೇಲೆ ಎಲೆಯಡಿಕೆ ಬೇರೆ. ಐವತ್ತು ವರ್ಷ ತಾಂಬೂಲ ಹಾಕಿದ ತುಟಿಯ ಕೆಂಪು ಯಾವ ಅಂಕಕ್ಕೆ ಸೇರಬೇಕು? ಅಡಿಕೆ ಕ್ಯಾನ್ಸರಿಗೆ ಕಾರಣವೆಂದು ೨೦೦೪ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ನಿರ್ಣಯಿಸಿರುವಾಗ ಆ ಕೆಂಪನ್ನು ಸುಮ್ಮನೆ ಒರೆಸಿ ಹಾಕುವಂತೆಯೂ ಇಲ್ಲ. ಅದರ ಅಡಿಯಲ್ಲಿ ಬಿಳಿಯ ಮಚ್ಚೆ ಅಡಗಿದ್ದೀತು. ‘ಪಾಟಲ’ವೆಂಬ ಸಂಸ್ಕೃತ ಪದವನ್ನು ತಂದರೆ ಕವಿಗಳಿಗೆ ಸಂತೋಷವಾದೀತು, ದಾದಿಗೆ ಪ್ರಯೋಜನವಾಗದು. ಇಲ್ಲಿ ಬೇಕಾದುದು ಪದದ ಬದಲಾವಣೆಯಲ್ಲ, ಪ್ರಶ್ನೆಯ ಬದಲಾವಣೆ. ಒಸಡು ಯಾವ ಬಣ್ಣದ್ದೆಂದು ಕೇಳುವುದನ್ನು ಬಿಟ್ಟು, ಒಂದು ಕಡೆಯ ಒಸಡು ಇನ್ನೊಂದು ಕಡೆಯದಕ್ಕಿಂತ ಬೇರೆಯಾಗಿದೆಯೇ, ಊದಿದೆಯೇ, ಬೆರಳು ತಾಗಿದರೆ ರಕ್ತ ಬರುತ್ತದೆಯೇ ಎಂದು ಕೇಳಬೇಕು.

ಇಂಥ ಭಾಷಾಂತರವನ್ನು ಪರೀಕ್ಷಿಸಲು ಶಾಸ್ತ್ರಜ್ಞರು ಕ್ರಮವೊಂದನ್ನು ಇಟ್ಟುಕೊಂಡಿದ್ದಾರೆ. ಒಬ್ಬನು ಇಂಗ್ಲಿಷಿನಿಂದ ಪಾರಸಿಗೆ ತರುತ್ತಾನೆ. ಮೂಲವನ್ನು ಕಾಣದ ಇನ್ನೊಬ್ಬನು ಪಾರಸಿಯಿಂದ ಇಂಗ್ಲಿಷಿಗೆ ಹಿಂದಿರುಗಿಸುತ್ತಾನೆ. ಎರಡು ಇಂಗ್ಲಿಷುಗಳನ್ನೂ ತೂಗಿ ನೋಡುತ್ತಾರೆ. ೧೯೭೦ರಲ್ಲಿ ಬ್ರಿಸ್ಲಿನ್ ಎಂಬುವರ ಲೇಖನದಿಂದ ಈ ಹಿಂದಿರುಗು ಭಾಷಾಂತರಕ್ಕೆ ಪ್ರಚಾರ ಬಂದಿತು. ಸ್ಥೂಲವಾದ ತಪ್ಪುಗಳನ್ನು ಇದು ಹಿಡಿದುಕೊಡುತ್ತದೆಂಬುದು ನಿಜ. ಆದರೆ ‘ಪಿಂಕ್’ ಹೋಗಿ ‘ಸೂರತೀ’ ಆಗುತ್ತದೆ, ‘ಸೂರತೀ’ ತಿರುಗಿ ‘ಪಿಂಕ್’ ಆಗುತ್ತದೆ. ಪರೀಕ್ಷೆಯಲ್ಲಿ ಪೂರ್ಣಾಂಕ! ಎರಡು ಭಾಷೆ ಬಲ್ಲ ಇಬ್ಬರು ವಿದ್ಯಾವಂತರ ನಡುವೆ ಪದ ಹೋಗಿ ಬಂದಿತೇ ಹೊರತು ಮುದುಕನ ಬಾಯಿಯವರೆಗೆ ಅದು ಹೋಗಲೇ ಇಲ್ಲ. ನೋಡುವವರಿಬ್ಬರು ಕೊಟ್ಟ ಅಂಕಗಳು ಎಷ್ಟರಮಟ್ಟಿಗೆ ಹೊಂದುತ್ತವೆಂದು ಲೆಕ್ಕ ಹಾಕಲು ಕೋಹೆನ್ ೧೯೬೦ರಲ್ಲಿ ಕೊಟ್ಟ ‘ಕಪ್ಪಾ’ ಎಂಬ ಸೂತ್ರವಿದೆ. ಆಕಸ್ಮಿಕವಾಗಿ ಬಂದ ಒಮ್ಮತವನ್ನು ಅದು ಕಳೆದುಹಾಕುತ್ತದೆ. ಇಬ್ಬರೂ ಒಂದೇ ಪಾಠವನ್ನು ಕಲಿತು ಒಂದೇ ತಪ್ಪನ್ನು ಮಾಡಿದ್ದರೆ ಆ ಒಮ್ಮತವನ್ನು ಕಳೆಯುವ ಸಾಮರ್ಥ್ಯ ಅದಕ್ಕಿಲ್ಲ.

ಕಟ್ಟಿಸಿದ ಹಲ್ಲಿನ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವುಂಟು. ಸೊನ್ನೆ ಅಂಕ ಬರಬೇಕಾದರೆ ಆ ಹಲ್ಲಿನ ಸೆಟ್ಟು ಮುರಿಯದೆ ಇರಬೇಕು, ದಿನವೂ ಬಳಕೆಯಾಗುತ್ತಿರಬೇಕು, ಅದರ ಮೇಲೆ ಒಡೆಯನ ಹೆಸರೂ ಇರಬೇಕು. ಹತ್ತಾರು ಮುದುಕರು ಒಂದೆಡೆ ವಾಸಿಸುವ ಆಶ್ರಮದಲ್ಲಿ ಒಬ್ಬರದು ಇನ್ನೊಬ್ಬರ ಬಾಯಿಗೆ ಹೋಗದಿರಲೆಂದು ಮಾಡಿದ ನಿಯಮವಿದು, ಅಲ್ಲಿ ಯುಕ್ತವೇ. ಯಜ್ದಿನಲ್ಲಿಯೋ ಹಾಸನದಲ್ಲಿಯೋ ಮಗನ ಮನೆಯಲ್ಲಿರುವ ಅಜ್ಜಿಯ ಹಲ್ಲು ನೀರಿನ ಲೋಟದಲ್ಲಿ ಇರುತ್ತದೆ. ಅದು ಯಾರದೆಂದು ಮೊಮ್ಮಕ್ಕಳಿಗೂ ಗೊತ್ತು. ಹೆಸರು ಬರೆದಿಲ್ಲವೆಂಬ ಕಾರಣಕ್ಕೆ ಅವಳಿಗೆ ಒಂದು ಅಂಕದಷ್ಟು ಅನಾರೋಗ್ಯವನ್ನು ಹೊರಿಸುವುದು ಹಾಸ್ಯಾಸ್ಪದ. ‘ಕೃತಕ ದಂತಪಂಕ್ತಿ’ ಎಂಬ ಪದವನ್ನಂತೂ ದಯಮಾಡಿ ಯಾರೂ ಬಳಸಬಾರದು. ‘ಹಲ್ಲು ಕಟ್ಟಿಸಿಕೊಂಡಿದ್ದೀರಾ?’ ಎಂಬುದು ಎಲ್ಲರಿಗೂ ತಿಳಿಯುವ ಕನ್ನಡ.

ಇನ್ನು ವೃದ್ಧರನ್ನೇ ಕೇಳುವ ಪ್ರಶ್ನೆಗಳು. ಹನ್ನೆರಡು ಪ್ರಶ್ನೆಗಳ ಸೂಚಿಯಲ್ಲಿ ಗಟ್ಟಿಯಾದ ಮಾಂಸವನ್ನೋ ಸೇಬನ್ನೋ ಕಚ್ಚಿ ಅಗಿಯಲು ಕಷ್ಟವಾಯಿತೇ ಎಂಬುದೊಂದು. ಇರಾನಿನಲ್ಲಿ ಸೇಬೂ ಉಂಟು, ಮಾಂಸವೂ ಉಂಟು. ಆದುದರಿಂದ ಭಾಷಾಂತರ ಸುಲಭವೆಂದು ತೋರುತ್ತದೆ. ಆದರೆ ಅಲ್ಲಿನ ‘ಆಬ್‌ಗೂಷ್ತ್’ ಎಂಬ ಅಡುಗೆಯಲ್ಲಿ ಮಾಂಸವನ್ನೂ ಕಡಲೆಯನ್ನೂ ಬೇಯಿಸಿ, ಬಡಿಸುವಾಗ ಸಣ್ಣ ಒನಕೆಯಂಥ ಉಪಕರಣದಿಂದ ಜಜ್ಜಿ ಮುದ್ದೆ ಮಾಡುತ್ತಾರೆ. ಹಲ್ಲಿಲ್ಲದವನೂ ಅದನ್ನು ಸುಖವಾಗಿ ತಿನ್ನಬಲ್ಲ. ನಮ್ಮಲ್ಲಿ ರಾಗಿಮುದ್ದೆ. ಮಂಡ್ಯ, ಕೋಲಾರಗಳ ಕಡೆಯ ಮುದುಕನು ಅದನ್ನು ಅಗಿಯುವುದೇ ಇಲ್ಲ; ಸಾರಿನಲ್ಲಿ ಅದ್ದಿ ನುಂಗುತ್ತಾನೆ. ‘ಸುಲಭವಾಗಿ ನುಂಗುತ್ತೀರಾ?’ ಎಂದು ಕೇಳಿದರೆ ಬಾಯಿ ಬರಿದಾಗಿ ಹತ್ತು ವರ್ಷವಾದವನೂ ‘ಓಹೋ’ ಎನ್ನುತ್ತಾನೆ. ಅದೇ ಪ್ರಶ್ನೆಯನ್ನು ವಿಜಾಪುರದ ಕಡಕ್ ಜೋಳದ ರೊಟ್ಟಿ ತಿನ್ನುವವನ ಮುಂದಿಟ್ಟರೆ ಉತ್ತರ ಬೇರೆ. ಹಲ್ಲಿನ ಸ್ಥಿತಿ ಇಬ್ಬರಿಗೂ ಒಂದೇ, ಅಂಕ ಬೇರೆ. ಊಟದ ಭೇದವನ್ನು ಅಳತೆಗೋಲು ಹಲ್ಲಿನ ಭೇದವೆಂದು ಓದಿತು. ಹಲ್ಲು ಹೋದ ಮೇಲೆ ಎಲೆಯಡಿಕೆಯನ್ನು ಕುಟ್ಟಿ ಬಾಯಿಗೆ ಹಾಕಿಕೊಳ್ಳುವ ಅಜ್ಜಿ ತನ್ನ ಆಹಾರವನ್ನು ‘ಮಿತಗೊಳಿಸಿದ್ದೇನೆ’ ಎಂದು ಎಂದಿಗೂ ಹೇಳುವುದಿಲ್ಲ. ಸೇಬಿಗೆ ಬದಲಾಗಿ ಏನನ್ನು ಹಾಕಬೇಕು? ಕೋಡುಬಳೆ, ಹುರಿಗಡಲೆ, ಕಬ್ಬು ಎಂದು ಊರೂರಿಗೆ ಒಂದೊಂದು ಹೇಳಬಹುದು. ಕಡಲೆಯೇ ಉತ್ತಮವೆಂದು ನನ್ನ ಮತ. ಕಡಲೆ ಇದ್ದಾಗ ಹಲ್ಲಿಲ್ಲವೆಂಬ ಗಾದೆ ನಾಡಿನುದ್ದಕ್ಕೂ ಈ ಪರೀಕ್ಷೆಯನ್ನು ಎಂದೋ ಮಾಡಿ ಮುಗಿಸಿದೆ.

ಆಹಾರದ ಮಾತಿಗಿಂತ ಭಾವದ ಮಾತು ಕಠಿನ. ಹದಿನಾಲ್ಕು ಪ್ರಶ್ನೆಗಳ ಪಟ್ಟಿಯಲ್ಲಿ ಹಲ್ಲಿನ ದೆಸೆಯಿಂದ ನಾಲ್ವರ ಮುಂದೆ ತನ್ನ ಬಗ್ಗೆಯೇ ಎಚ್ಚರ ಮೂಡುವ ಸ್ಥಿತಿಗೆ ಒಂದು ಪ್ರಶ್ನೆ, ನಾಚಿಕೆಪಟ್ಟುಕೊಳ್ಳುವುದಕ್ಕೆ ಇನ್ನೊಂದು. ಮೂಲದಲ್ಲಿ ಇವೆರಡೂ ಬೇರೆ ಬೇರೆ ವರ್ಗಗಳಿಗೆ ಸೇರಿದುವು. ಮೊದಲನೆಯದು ಮನಸ್ಸಿನ ಅಸ್ವಸ್ಥತೆ, ಎರಡನೆಯದು ಮನಸ್ಸಿನ ಅಸಾಮರ್ಥ್ಯ. ಪಾರಸಿಯಲ್ಲಿ ಜನ ಆಡುವ ಮಾತು ‘ಖೆಜಾಲತ್’. ಕನ್ನಡದಲ್ಲಿ ‘ಮುಜುಗರ’, ‘ಸಂಕೋಚ’. ಎರಡೂ ಪ್ರಶ್ನೆಗಳು ಕೊನೆಗೆ ಈ ಮಾತುಗಳಿಗೇ ಬಂದು ಬೀಳುತ್ತವೆ. ‘ಆಗಲೇ ಹೇಳಿದೆನಲ್ಲಪ್ಪ’ ಎಂದು ಮುದುಕ ಗೊಣಗಿದರೆ ತಪ್ಪು ಅವನದಲ್ಲ. ಆದರೆ ವಾಚಕರು ಗಮನಿಸಬೇಕಾದ ವಿಚಾರ ಮುಂದಿದೆ. ಪ್ರಶ್ನಾವಳಿಯ ಅಂಗಗಳು ಪರಸ್ಪರ ಎಷ್ಟು ಹೊಂದಿಕೊಂಡಿವೆ ಎಂಬುದನ್ನು ತೋರಿಸುವ ಸಂಖ್ಯೆಯೊಂದನ್ನು ಕ್ರೋನ್‌ಬಾಕ್ ೧೯೫೧ರಲ್ಲಿ ವಿವರಿಸಿದರು. ಭಾಷಾಂತರದ ಯೋಗ್ಯತೆಗೆ ಇಂದಿಗೂ ಅದನ್ನೇ ಮುದ್ರೆಯೊತ್ತಿ ತೋರಿಸುತ್ತಾರೆ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಉತ್ತರಗಳು ಹೊಂದಿಕೊಳ್ಳುವುದು ಸಹಜವಾದುದರಿಂದ ಆ ಸಂಖ್ಯೆ ಏರುತ್ತದೆ. ಮೂಲದ ಸೂಕ್ಷ್ಮಭೇದವೊಂದನ್ನು ಕಳೆದುಕೊಂಡ ಭಾಷಾಂತರ ಹೀಗೆ ಲೆಕ್ಕದಲ್ಲಿ ಮೇಲೆನಿಸಿಕೊಳ್ಳುತ್ತದೆ. ಭೇದವನ್ನು ಉಳಿಸಿಕೊಳ್ಳುವುದು ಅಸಾಧ್ಯವೇನಲ್ಲ. ‘ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೀರಾ?’ ಎಂಬುದು ಒಂದಕ್ಕೆ ಸಾಕು. ‘ಯಾರಾದರೂ ನಿಮ್ಮ ಹಲ್ಲಿನ ಮಾತೆತ್ತಿ ನಾಚಿಕೆಯಾಯಿತೇ?’ ಎಂಬುದು ಇನ್ನೊಂದಕ್ಕೆ. ಪದಕ್ಕೆ ಪದವಿಲ್ಲದ ಕಡೆ ನಡತೆಯನ್ನು ಕೇಳಬಹುದು.

ಯಾವ ಕನ್ನಡ, ಯಾವ ಪಾರಸಿ ಎಂಬುದೂ ವಿಚಾರಣೀಯ. ಪಾರಸಿಯಲ್ಲಿ ಬರಹದ ‘ದಂದಾನ್’ ತೆಹರಾನಿನ ಬಾಯಲ್ಲಿ ‘ದಂದೂನ್’. ‘ನಾನ್’ ಎಂಬ ರೊಟ್ಟಿ ‘ನೂನ್’. ಗ್ರಾಂಥಿಕ ರೂಪವನ್ನು ಓದಿ ಹೇಳಿದರೆ ಅಕ್ಷರ ಬಾರದ ಮುದುಕಿಗೆ ಅದು ಸರ್ಕಾರದ ಮಾತಾಗಿ ಕೇಳಿಸುತ್ತದೆ. ಇರಾನಿನ ಅನೇಕ ವೃದ್ಧರಿಗೆ ತಾಯಿನುಡಿ ಆಜರಿ ತುರ್ಕಿ, ಕುರ್ದಿ ಅಥವಾ ಗಿಲಕಿ. ಅಫಘಾನಿಸ್ತಾನದ ದರಿ, ತಾಜಿಕಿಸ್ತಾನದ ತಾಜಿಕಿಗಳು ಪಾರಸಿಯೇ ಆದರೂ ಬಳಕೆ ಬೇರೆ. ನಮ್ಮ ಕುಂದಾಪುರ, ಧಾರವಾಡ, ಚಾಮರಾಜನಗರಗಳನ್ನೂ, ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿಗಳನ್ನಾಡುವ ಕಾಸರಗೋಡಿನ ಹಿರಿಯರನ್ನೂ ನೆನೆದರೆ ‘ಕನ್ನಡ ಆವೃತ್ತಿ’ ಎಂಬ ಏಕವಚನ ಎಷ್ಟು ದುರ್ಬಲವೆಂದು ತಿಳಿಯುತ್ತದೆ. ನೆರೆಯ ತೆಲುಗಿನಲ್ಲಿ ವಿಶೇಷವಾದ ಗಂಡಾಂತರವೊಂದಿದೆ. ಅಲ್ಲಿ ‘ಪನ್ನು’ ಎಂದರೆ ಹಲ್ಲು, ‘ಪಂಡು’ ಎಂದರೆ ಹಣ್ಣು. ಬಹುವಚನದಲ್ಲಿ ಎರಡೂ ಆಡುಮಾತಿನಲ್ಲಿ ‘ಪಳ್ಳು’. ವಿಜಯವಾಡದಲ್ಲಿ ಇಂದ್ರಕೀಲಾದ್ರಿಯ ತಪ್ಪಲಿನ ಒನ್ ಟೌನ್‌ನಲ್ಲಿಯೋ ವಿಶಾಖಪಟ್ಟಣದ ಬಂದರಿನ ಬಳಿಯ ಒನ್ ಟೌನ್‌ನಲ್ಲಿಯೋ ಹಳೆಯ ಬೀದಿಯ ಜಗಲಿಯ ಮೇಲೆ ಕುಳಿತ ತಾತನನ್ನು ಸೇಬಿನ ಪ್ರಶ್ನೆ ಕೇಳುವವನು ಯಾವ ‘ಪಳ್ಳಿ’ನಿಂದ ಯಾವ ‘ಪಳ್ಳ’ನ್ನು ಕಚ್ಚಬೇಕೆಂದು ಸ್ಪಷ್ಟಪಡಿಸಿಕೊಂಡು ಹೋಗುವುದು ಒಳಿತು. ಕನ್ನಡದಲ್ಲಿ ಹಲ್ಲೂ ಹಣ್ಣೂ ದೂರ ನಿಂತಿರುವುದು ನಮ್ಮ ಪುಣ್ಯ.

ನಿಷೇಧಪ್ರಶ್ನೆಯ ವಿಷಯವನ್ನೂ ಒಂದು ಮಾತಿನಲ್ಲಿ ಹೇಳತಕ್ಕದ್ದು. ‘ಕಷ್ಟವಾಗಲಿಲ್ಲವೇ?’ ಎಂದರೆ ಪಾರಸಿಯವನು ‘ಆಯಿತು’ ಎಂಬುದನ್ನು ಸೂಚಿಸಲು ‘ಚೆರಾ’ ಎಂಬ ಪ್ರತ್ಯೇಕವಾದ ಪದವನ್ನು ಬಳಸಬಲ್ಲ. ಕನ್ನಡದ ‘ಹೂಂ’ ಎರಡು ಕಡೆಗೂ ವಾಲುತ್ತದೆ. ಹನ್ನೆರಡು ಪ್ರಶ್ನೆಗಳಲ್ಲಿ ಮೂರು ಮಾತ್ರ ಒಳ್ಳೆಯದನ್ನು ಕೇಳಿ, ಉಳಿದುವು ಕೆಟ್ಟದ್ದನ್ನು ಕೇಳುವುದರಿಂದ, ‘ಯಾವಾಗಲೂ’ ಎಂಬ ಒಂದೇ ಉತ್ತರ ಒಮ್ಮೆ ಆರೋಗ್ಯವಾಗಿ, ಒಮ್ಮೆ ರೋಗವಾಗಿ ಎಣಿಕೆಯಾಗುತ್ತದೆ. ಓದಿ ಗುರುತು ಹಾಕುವವರಿಗೆ ಇದು ಎಚ್ಚರಿಕೆಯ ಉಪಾಯ. ಕೇಳಿ ಉತ್ತರಿಸುವ ಎಂಬತ್ತರ ಮುದುಕನಿಗೆ ಬಲೆ. ಕಳೆದ ಮೂರು ತಿಂಗಳೆಂಬ ಅವಧಿಯೂ ಹಾಗೆಯೇ. ಇರಾನಿನಲ್ಲಿ ನೌರೋಜಿನಿಂದ ಈಚೆಗೆ ಎಂದೂ ನಮ್ಮಲ್ಲಿ ಯುಗಾದಿಯಿಂದ ಅಥವಾ ದೀಪಾವಳಿಯಿಂದ ಈಚೆಗೆ ಎಂದೂ ಕೇಳಿದರೆ ಕಾಲ ನೆನಪಿಗೆ ನಿಲ್ಲುತ್ತದೆ.

೨೦೦೦ದಲ್ಲಿ ಬೀಟನ್ ಮತ್ತು ಸಂಗಡಿಗರು ಪ್ರಕಟಿಸಿದ ಮಾರ್ಗದರ್ಶಿಯಲ್ಲಿ, ಭಾಷಾಂತರವನ್ನು ಮೂವತ್ತರಿಂದ ನಲವತ್ತು ಮಂದಿಯ ಮುಂದಿಟ್ಟು, ಪ್ರಶ್ನೆಯಿಂದ ಅವರಿಗೆ ಏನು ಅರ್ಥವಾಯಿತೆಂದು ವಿಚಾರಿಸಬೇಕೆಂಬ ಸಲಹೆಯಿದೆ. ಇಡೀ ಕ್ರಮದಲ್ಲಿ ನಿಜವಾಗಿ ಬೆಲೆಯುಳ್ಳ ಘಟ್ಟ ಇದೇ. ಆದರೂ ಪ್ರಕಟವಾಗುವ ಪ್ರಬಂಧಗಳಲ್ಲಿ ಇದಕ್ಕೆ ದೊರೆಯುವುದು ಸಾಮಾನ್ಯವಾಗಿ ಒಂದೆರಡು ವಾಕ್ಯ, ಕೋಷ್ಟಕಗಳೆಲ್ಲ ಸಂಖ್ಯೆಗಳಿಗೆ. ಮುದುಕರು ಏನೆಂದರು, ಯಾವ ಪದದ ಬಳಿ ತಡೆದರು, ಯಾವುದಕ್ಕೆ ನಕ್ಕರು ಎಂಬುದನ್ನು ಹಾಗೆಯೇ ಬರೆದು ಪ್ರಕಟಿಸಿದ್ದರೆ ಅದು ಭಾಷಾಶಾಸ್ತ್ರಕ್ಕೂ ಅಮೂಲ್ಯವಾದ ಸಾಮಗ್ರಿಯಾಗುತ್ತಿತ್ತು. ೧೯೬೫ರಲ್ಲಿ ಮಣಿಪಾಲದಲ್ಲಿಯೂ ೧೯೫೮ರಲ್ಲಿ ಬೆಂಗಳೂರಿನಲ್ಲಿಯೂ ದಂತವೈದ್ಯ ವಿದ್ಯಾಲಯಗಳು ಆರಂಭವಾದ ನಾಡು ನಮ್ಮದು. ಕನ್ನಡ ವಿಭಾಗಗಳಿಗೂ ಕೊರತೆಯಿಲ್ಲ. ಇವೆರಡು ಕಡೆಯವರು ಒಂದು ಮೇಜಿನ ಸುತ್ತ ಕೂಡುವುದ‌ಕ್ಕೆ ಅಡ್ಡಿಯೇನಿದೆ?

ಕೊನೆಯ ಅಂಗ ನೋವು. ಪಾರಸಿಯಲ್ಲಿ ತಾಳ್ಮೆಯಿಂದ ಸಹಿಸುವುದಕ್ಕೆ ‘ಹಲ್ಲನ್ನು ಯಕೃತ್ತಿನ ಮೇಲೆ ಇಡುವುದು’ ಎಂಬ ನುಡಿಗಟ್ಟಿದೆ. ನಾವು ‘ಹಲ್ಲುಕಚ್ಚಿ ಸಹಿಸುವುದು’ ಎನ್ನುತ್ತೇವೆ. ಸಹನೆಗೆ ಹಲ್ಲನ್ನೇ ಸಂಕೇತವಾಗಿಸಿಕೊಂಡ ಎರಡು ನಾಡುಗಳಲ್ಲಿ, ಹಲ್ಲಿನ ನೋವಿದೆಯೇ ಎಂದು ಅಪರಿಚಿತನೊಬ್ಬ ಕಾಗದ ಹಿಡಿದು ಕೇಳಿದರೆ, ಜೀವನವೆಲ್ಲ ಸಹಿಸಿ ಅಭ್ಯಾಸವಾದ ಮುದುಕಿ ‘ಇಲ್ಲ’ ಎನ್ನುವುದೇ ಸಂಭವ. ನೋವಿಗೆ ಔಷಧ ತೆಗೆದುಕೊಂಡಿರಾ ಎಂಬ ಪ್ರಶ್ನೆಗೂ ‘ಇಲ್ಲ’ವೇ ಉತ್ತರ, ಏಕೆಂದರೆ ದವಡೆಯಲ್ಲಿ ಒತ್ತಿಟ್ಟ ಲವಂಗ ಅವಳ ಲೆಕ್ಕದಲ್ಲಿ ಅಡುಗೆಮನೆಯ ಸಾಮಾನು, ಒಸಡಿಗೆ ತಿಕ್ಕಿದ ಕಡ್ಡಿಪುಡಿ ಹಳೆಯ ಚಟ. ಇವಳನ್ನು ಕೇಳತಕ್ಕ ಪ್ರಶ್ನೆಗಳು ಬೇರೆ. ಯಾವ ಕಡೆಯಿಂದ ಅಗಿಯುತ್ತೀರಮ್ಮ? ಇನ್ನೊಂದು ಕಡೆಯಿಂದ ಅಗಿಯುವುದನ್ನು ಬಿಟ್ಟು ಎಷ್ಟು ದಿನವಾಯಿತು? ರಾತ್ರಿ ಮಲಗಿದಾಗ ಲವಂಗವನ್ನೋ ಬೇರೇನನ್ನೋ ಇಟ್ಟುಕೊಂಡದ್ದುಂಟೇ? ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆಯೇ, ಅದಕ್ಕಾಗಿ ನೀರನ್ನು ಬಿಸಿ ಮಾಡಿಸಿಕೊಂಡು ಕುಡಿಯುತ್ತೀರಾ?